ಎರಡನೆಯ ಪುಟ ದಾಟದ ಓದು

ಪದವಿಯ ಎರಡನೆಯ ವರ್ಷದಲ್ಲಿದ್ದ ವಿದ್ಯಾರ್ಥಿನಿಯೊಬ್ಬರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಓದನ್ನೇ ಬಿಡುವ ಯೋಚನೆಯಲ್ಲಿ ನನ್ನ ಬಳಿ ಬಂದಿದ್ದರು. ನಿದ್ರೆ ಮತ್ತು ನೆನಪಿನ ಶಕ್ತಿಯ ಕುರಿತು ಅವರು ಬರೆದಿದ್ದ ಅಸೈನ್‌ಮೆಂಟನ್ನು, ಸಂಶೋಧನಾ ಲೇಖನಗಳನ್ನು ಬಳಸಿಲ್ಲವೆಂಬ ಷರಾದೊಂದಿಗೆ ಅಧ್ಯಾಪಕರು ಹಿಂದಿರುಗಿಸಿದ್ದರು. ಅನಂತರ ಏಳು ಲೇಖನಗಳನ್ನು ಇಳಿಸಿಕೊಂಡರೂ ಒಂದನ್ನೂ ಎರಡನೆಯ ಪುಟದಾಚೆಗೆ ಓದಲಾಗದೆ, “ಇದಕ್ಕೆಲ್ಲ ನಾನು ಲಾಯಕ್ಕಲ್ಲ ಮೇಡಂ” ಎಂಬ ತೀರ್ಮಾನಕ್ಕೆ ಬಂದುಬಿಟ್ಟಿದ್ದರು.

ಏಳನ್ನೂ ಮೇಜಿನ ಮೇಲೆ ಹರಡಿ ನೋಡಿದೆವು. ಒಂದು ಜನಪ್ರಿಯ ವಾರಪತ್ರಿಕೆಯ ಬರಹ. ಇನ್ನೊಂದು ಜರ್ನಲ್‌ನಲ್ಲಿಯೇ ಬಂದಿದ್ದರೂ ಬರೀ ಸಂಪಾದಕೀಯ. ಪತ್ರಿಕೆಗೆ ಐಎಸ್‌ಎಸ್‌ಎನ್ (ನಿಯತಕಾಲಿಕಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಇದ್ದರೆ ಸಾಕು, ಅದರ ಬರಹವನ್ನು ನೆಚ್ಚಬಹುದೆಂದು ಅವರು ನಂಬಿದ್ದರು. ಎಂಟು ಅಂಕಿಗಳ ಆ ಸಂಖ್ಯೆ ಪತ್ರಿಕೆಯನ್ನು ಗುರುತಿಸುತ್ತದೆಯೇ ಹೊರತು ಅದರ ಗುಣಮಟ್ಟಕ್ಕೆ ಜಾಮೀನು ನಿಲ್ಲುವುದಿಲ್ಲ. ಲೇಖಕರು ಎಲ್ಲಿ ಕೆಲಸ ಮಾಡುವವರು, ಪ್ರಕಟಣೆಗೆ ಮುನ್ನ ಅದೇ ವಿಷಯದ ತಜ್ಞರು ಲೇಖನವನ್ನು ಪರಿಶೀಲಿಸುವ ಪದ್ಧತಿ ಆ ಪತ್ರಿಕೆಯಲ್ಲಿದೆಯೇ, ಪ್ರತಿ ಹೇಳಿಕೆಗೂ ಆಕರವಿದೆಯೇ ಎಂಬುದನ್ನು ನೋಡಬೇಕು. ಪರಿಶೀಲನೆಯೂ ಕೊನೆಯ ಮಾತಲ್ಲ: ದಡಾರ, ಮಂಗನಬಾವು, ರುಬೆಲ್ಲಾಗಳನ್ನು ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿ 1998ರಲ್ಲಿ ‘ದಿ ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು. ಆದ್ದರಿಂದ ಉಲ್ಲೇಖಿಸುವ ಮೊದಲು ಲೇಖನದ ಪುಟದಲ್ಲಿ ಹಿಂಪಡೆದ ಸೂಚನೆ ಇದೆಯೇ ಎಂದು ಗಮನಿಸಲು ಹೇಳಿದೆ.

ಆದರೆ ಅವರನ್ನು ಕಂಗೆಡಿಸಿದ್ದು ಲೇಖನಗಳ ಆಯ್ಕೆಯಲ್ಲ, ಕಾದಂಬರಿಯಂತೆ ಮೊದಲ ಸಾಲಿನಿಂದ ಕೊನೆಯವರೆಗೆ ಓದಲೇಬೇಕೆಂಬ ಹಟ. ಪಳಗಿದ ಸಂಶೋಧಕರಲ್ಲಿಯೂ ಹಾಗೆ ಓದುವವರು ಕಡಿಮೆ. ಮೊದಲು ಸಾರಾಂಶ, ಬಳಿಕ ಪೀಠಿಕೆಯ ಕೊನೆಯಲ್ಲಿ ಸಾಮಾನ್ಯವಾಗಿ ಬರುವ ಸಂಶೋಧನಾ ಪ್ರಶ್ನೆ, ಆಮೇಲೆ ನೇರವಾಗಿ ಚರ್ಚೆಯ ಭಾಗ. ಇಷ್ಟರಲ್ಲಿ ಲೇಖನ ತಮಗೆ ಬೇಕೆನಿಸಿದರೆ ಮಾತ್ರ ವಿಧಾನ ಮತ್ತು ಫಲಿತಾಂಶಗಳಿಗೆ ಮರಳಬೇಕೆಂದು ಸೂಚಿಸಿದೆ. ಓದಿದ್ದನ್ನು, ಪುಟ ಮುಚ್ಚಿಟ್ಟು, ತಮ್ಮದೇ ಎರಡು ವಾಕ್ಯಗಳಲ್ಲಿ ಬರೆದು, ಪಕ್ಕದಲ್ಲಿಯೇ ಲೇಖಕರ ಹೆಸರು, ವರ್ಷ, ಸಂಪುಟ, ಪುಟಸಂಖ್ಯೆಗಳನ್ನು ಗುರುತುಹಾಕಿಕೊಳ್ಳುವ ಅಭ್ಯಾಸವನ್ನೂ ಹಚ್ಚಿದೆ. ನಕಲಿನ ಆರೋಪಗಳಲ್ಲಿ ಹಲವು ಕಳ್ಳತನದಿಂದಲ್ಲ, ಟಿಪ್ಪಣಿಯ ಅಶಿಸ್ತಿನಿಂದ ಹುಟ್ಟುತ್ತವೆಂಬುದು ನನ್ನ ಅನುಭವ.

ಮೂರನೆಯ ಭೇಟಿಗೆ ಅವರು ಎರಡೇ ಲೇಖನಗಳನ್ನು ತಂದರು. ಎರಡರ ತೀರ್ಮಾನಗಳೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಯಾವುದನ್ನು ಕೈಬಿಡಲಿ ಎಂದು ಕೇಳಿದರು. ಎರಡನ್ನೂ ಉಳಿಸಿಕೊಂಡು, ಯಾರನ್ನು, ಎಷ್ಟು ಜನರನ್ನು, ಹೇಗೆ ಪರೀಕ್ಷಿಸಿದ್ದಾರೆಂಬುದನ್ನು ಹೋಲಿಸಿ, ಆ ಹೋಲಿಕೆಯನ್ನೇ ಅಸೈನ್‌ಮೆಂಟಿನ ನಡುಭಾಗವಾಗಿಸಲು ಹೇಳಿ ಕಳುಹಿಸಿದೆ.