ಪೇಪರ್ ಹಾಕುವ ಮೊದಲು

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಾಲ್ಕೂವರೆ ವರ್ಷದಿಂದ ಇದ್ದೀರಿ. ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ (ಪೇಪರ್ ಹಾಕಿದ) ಮೇಲೂ ಕೆಲಸ ಮಾಡಬೇಕಾದ ಅವಧಿ, 90 ದಿನ. ‘ಅಷ್ಟು ದಿನ ಯಾರೂ ಕಾಯಲ್ಲ, ಮೊದಲು ಪೇಪರ್ ಹಾಕು, ಆಮೇಲೆ ಹುಡುಕು’ ಅಂತ ಗೆಳೆಯರು ಹೇಳುತ್ತಿದ್ದಾರೆ. ಕೆಲಸದಲ್ಲಿದ್ದುಕೊಂಡೇ ಬೇರೆ ಕಡೆ ಹುಡುಕಿದರೆ ಕಂಪನಿಗೆ ಮೋಸ ಅಲ್ವಾ ಎಂದೂ ಕೇಳಿದ್ದೀರಿ.

ಮೋಸ ಅಲ್ಲ. ಆಫೀಸಿನ ಹೊತ್ತಿನಲ್ಲಿ, ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಹುಡುಕಿದರೆ ಮಾತ್ರ ತಪ್ಪು, ದಡ್ಡತನ ಕೂಡ. ಅದರಲ್ಲಿ ಏನು ಮಾಡಿದರೂ ಕಂಪನಿಯ ಕಣ್ಣಿಗೆ ಬೀಳಬಹುದು. ಇಂಟರ್‌ವ್ಯೂಗೆ ರಜೆ ಹಾಕಿ. ‘ಸ್ವಂತ ಕೆಲಸ’ ಎಂದರೆ ಸಾಕು, ಸುಮ್ನೆ ಅಜ್ಜಿಯನ್ನು ಎರಡೆರಡು ಸಲ ಸಾಯಿಸಬೇಡಿ! ನೌಕ್ರಿ ಡಾಟ್ ಕಾಮ್‌ನಲ್ಲಿ ಪ್ರೊಫೈಲ್ ನಿಮ್ಮ ಕಂಪನಿಗೆ ಕಾಣದಂತೆ ಬ್ಲಾಕ್ ಮಾಡಬಹುದು. ಲಿಂಕ್ಡ್‌ಇನ್‌ನಲ್ಲಿ ‘ರಿಕ್ರೂಟರ್‌ಗಳಿಗೆ ಮಾತ್ರ’ ಎಂದು ಆರಿಸಿದರೂ ಪೂರ್ತಿ ಗುಟ್ಟಾಗಿ ಉಳಿಯುವ ಖಾತ್ರಿಯನ್ನು ಅವರೇ ಕೊಡುವುದಿಲ್ಲ.

ಗೆಳೆಯರ ಮಾತು ಅರ್ಧ ನಿಜ. ‘ನೋಟಿಸ್‌ನಲ್ಲಿದ್ದೇನೆ’ ಎಂದವರಿಗೆ ಎಚ್‌ಆರ್ ಕರೆಗಳು ಜಾಸ್ತಿ ಬರುತ್ತವೆ. ಆದರೆ 90 ದಿನ ಮುಗಿದರೂ ಆಫರ್ ಬರದಿದ್ದರೆ? ಮನೆ ಮಾಲೀಕರು ಬಾಡಿಗೆ ಕೇಳದೆ ಇರುತ್ತಾರಾ? ಗಡಿಬಿಡಿಯಲ್ಲಿದ್ದೀರಿ ಎಂದು ಗೊತ್ತಾದರೆ ಸಂಬಳದ ಮಾತಿನಲ್ಲೂ ನೀವೇ ಬಗ್ಗಬೇಕಾಗುತ್ತದೆ. ಅದರ ಬದಲು ಬೈಔಟ್‌ಗೆ ಅವಕಾಶ ಇದೆಯಾ ಎಂದು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ನೋಡಿ. ಅಂದರೆ ಉಳಿದ ದಿನಗಳ ಸಂಬಳ ಕಟ್ಟಿ ಬೇಗ ಹೊರಡುವುದು. ಕೆಲವು ಸಲ ಹೊಸ ಕಂಪನಿಯೇ ಆ ಹಣ ಕೊಡುತ್ತದೆ, ಸಂಕೋಚ ಬಿಟ್ಟು ಕೇಳಿ.

ಆದರೂ ನಿಮ್ಮ ವಿಷಯದಲ್ಲಿ ಬೈಔಟ್ ಬೇಡ ಅನ್ನಿಸುತ್ತದೆ. ನೀವು ಬರೆದ ಪತ್ರದಲ್ಲಿ ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಸೇವೆಗಾಗಿ ಕಂಪನಿ ಕೊಡುವ ಹಣದ, ಮಾತೇ ಇಲ್ಲವಲ್ಲ! ನಿಮ್ಮಂಥ ಕಾಯಂ ನೌಕರರು 5 ವರ್ಷ ತುಂಬಿಸಿ ಬಿಟ್ಟರೆ, ಪ್ರತಿ ವರ್ಷಕ್ಕೆ 15 ದಿನದ ಸಂಬಳ ಸಿಗುತ್ತದೆ. ಇದಕ್ಕೆ ತಿಂಗಳನ್ನು 26 ದಿನ ಎಂದು ಹಿಡಿಯುತ್ತಾರೆ. ಲೆಕ್ಕಕ್ಕೆ ಬರುವ ಸಂಬಳ 26,000 ಇದ್ದರೆ 5 ವರ್ಷಕ್ಕೆ 75,000 ರೂಪಾಯಿ. ನೋಟಿಸ್‌ನಲ್ಲಿ ಕೆಲಸ ಮಾಡುವ ದಿನಗಳೂ ಸೇವೆಗೆ ಸೇರುತ್ತವೆ. ಇನ್ನು ಮೂರು ತಿಂಗಳು ಆರಾಮಾಗಿ ಹುಡುಕಿ. ಆಮೇಲಿನ 90 ದಿನ ನಿಮಗೇ ಲಾಭ. ಸೇರಿದ ತಾರೀಖು ನೋಡಿ ಲೆಕ್ಕ ಹಾಕಿ, ಒಂದು ವಾರ ಕಮ್ಮಿ ಬೀಳಬಾರದು.

ಹೊಸ ಕಡೆ ಸೇರಿದ ಮೇಲೆ ಅಲ್ಲಿ ಹಳೆ ಸಂಬಳದ ವಿವರ ಕೊಡಿ, ಇಲ್ಲದಿದ್ದರೆ ವರ್ಷದ ಕೊನೆಗೆ ತೆರಿಗೆ ಒಟ್ಟಿಗೆ ಕಟ್ಟಬೇಕಾದೀತು. ಪಿಎಫ್ ಹಣ ತೆಗೆಯಬೇಡಿ, ಅದೇ ಯುಎಎನ್‌ನಲ್ಲಿ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ವರ್ಗಾಯಿಸಿ.

ಮ್ಯಾನೇಜರ್‌ಗೆ ಯಾವಾಗ ಹೇಳಲಿ ಎಂದಿದ್ದೀರಿ. ಆಫರ್ ಲೆಟರ್ ಕೈಗೆ ಬಂದ ಮೇಲೆ. ಅಲ್ಲಿಯವರೆಗೆ ಕ್ಯಾಂಟೀನಿನ ಗೆಳೆಯರಿಗೂ ಬೇಡ.