ಓದುಗರ ಪ್ರಶ್ನೆ: ನೀಲಿ ಗುಲಾಬಿಯ ಸುಳಿವು

ಪ್ರಶ್ನೆ: ನಮ್ಮ ಮನೆಯ ಹುಡುಗರ ಜೊತೆ ಕೂತು ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಎಂಟೂ ಸೀಸನ್‌ಗಳನ್ನು ನೋಡಿ ಮುಗಿಸಿದೆ. ಜಾನ್ ಸ್ನೋನ ಹುಟ್ಟಿನ ಗುಟ್ಟನ್ನು ಅಭಿಮಾನಿಗಳು ಎಷ್ಟೋ ವರ್ಷ ಮೊದಲೇ ಊಹಿಸಿದ್ದರೆಂದು ಅವರು ಹೇಳುತ್ತಾರೆ. ಅಷ್ಟು ಮುಂಚೆಯೇ ಬಯಲಾದ ಗುಟ್ಟನ್ನು ಕಟ್ಟಿದ ಲೇಖಕನನ್ನು ಜಾಣನೆನ್ನಬೇಕೋ, ಸೋತವನೆನ್ನಬೇಕೋ?
— ಓದುಗರೊಬ್ಬರು, ಧಾರವಾಡ

ಉತ್ತರ: ಜಾಣನೆಂದೇ ನನ್ನ ಉತ್ತರ. ಕಾರಣ ಹೇಳಬೇಕಾದರೆ ಸುಳಿವುಗಳನ್ನು ಒಂದಿಷ್ಟು ಬಿಡಿಸಿ ನೋಡಬೇಕಾಗುತ್ತದೆ; ಧಾರಾವಾಹಿಯನ್ನು ಇನ್ನೂ ನೋಡದವರು ಈ ಪುಟವನ್ನು ಸದ್ಯಕ್ಕೆ ಮಗುಚಿಡುವುದು ಲೇಸು.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಮಾಲೆಯ ಮೊದಲ ಸಂಪುಟ ಹೊರಬಂದದ್ದು 1996ರಲ್ಲಿ. ಜಾನ್ ಸ್ನೋ ಉತ್ತರ ಸೀಮೆಯ ಒಡೆಯನಾದ ನೆಡ್ ಸ್ಟಾರ್ಕ್‌ಗೆ ಮದುವೆಯಾಚೆ ಹುಟ್ಟಿದ ಮಗನೆಂದು ಅಲ್ಲಿ ಎಲ್ಲರೂ ನಂಬಿದ್ದಾರೆ. ತಾಯಿ ಯಾರೆಂಬುದನ್ನು ನೆಡ್ ತನ್ನ ಹೆಂಡತಿಗೂ ಹೇಳುವುದಿಲ್ಲ. ಕಾಲು ಮುರಿದು ಹಾಸಿಗೆ ಹಿಡಿದ ಅವನಿಗೆ ಬೀಳುವ ಕನಸಿನಲ್ಲಿ ಒಂದು ಗೋಪುರ, ಅದರ ಮುಂದೆ ಕಾವಲು ನಿಂತ ಮೂವರು ರಾಜರಕ್ಷಕ ಯೋಧರು, ರಕ್ತದ ಹಾಸಿಗೆಯಲ್ಲಿರುವ ತಂಗಿ ಲಿಯಾನಾ ಕಾಣಿಸುತ್ತಾರೆ. ಓದುಗರ ಕಣ್ಣು ನಿಂತದ್ದು ಆ ಮೂವರು ಕಾವಲುಗಾರರ ಮೇಲೆ. ರಾಜನೂ ಯುವರಾಜ ರೇಗಾರನೂ ಸತ್ತಾಗಿದೆ. ರಾಜವಂಶದಲ್ಲಿ ಬದುಕುಳಿದವರ ಬಳಿ ಇರಬೇಕಾದ ಈ ಯೋಧರು ಯಾರದೋ ತಂಗಿಯ ಬಾಗಿಲು ಕಾಯುತ್ತ ಪ್ರಾಣ ಕೊಡುವುದೇಕೆ? ಒಳಗೆ ರಾಜವಂಶದ ಕೂಸೊಂದಿದ್ದರೆ ಮಾತ್ರ ಆ ಕಾವಲಿಗೆ ಅರ್ಥ ಬರುತ್ತದೆ.

ಇನ್ನು ನೀಲಿ ಗುಲಾಬಿ. ಹ್ಯಾರನ್‌ಹಾಲ್‌ನ ಪಂದ್ಯದಲ್ಲಿ ಗೆದ್ದ ರೇಗಾರ್, ಕೈಹಿಡಿದ ಹೆಂಡತಿಯನ್ನು ದಾಟಿ ಹೋಗಿ, ಚಳಿಗಾಲದ ನೀಲಿ ಗುಲಾಬಿಗಳ ಮುಕುಟವನ್ನು ಲಿಯಾನಾಳ ಮಡಿಲಿಗಿಟ್ಟಿದ್ದನು. ಎರಡನೆಯ ಸಂಪುಟದಲ್ಲಿ ರೇಗಾರನ ತಂಗಿ ಡೇನೆರಿಸ್‌ಗೆ ಕಾಣುವ ದರ್ಶನಗಳ ನಡುವೆ, ಮಂಜಿನ ಗೋಡೆಯ ಬಿರುಕಿನಲ್ಲಿ ಬೆಳೆದ ಒಂದು ನೀಲಿ ಹೂವಿದೆ. ಜಾನ್ ಕಾವಲುಪಡೆಗೆ ಸೇರಿರುವುದು ಮಂಜಿನ ಗೋಡೆಯಲ್ಲಿಯೇ. ಒಂದೇ ಹೂವನ್ನು ಹೀಗೆ ನೂರಾರು ಪುಟಗಳ ಅಂತರದಲ್ಲಿ ಎರಡು ಕಡೆ ಇಟ್ಟವನು, ಯಾರಾದರೊಬ್ಬರು ಹೆಕ್ಕಿಕೊಳ್ಳಲೆಂದೇ ಇಟ್ಟಿರುತ್ತಾನೆ. ಆದರೆ ಎರಡನೆಯ ಸಂಪುಟ ಬರುವ ಮೊದಲೇ, 1997ರ ಹೊತ್ತಿಗೇ, ಮೊದಲ ಸಂಪುಟದ ಸುಳಿವುಗಳಿಂದಲೇ ಜಾನ್ ರೇಗಾರ್ ಮತ್ತು ಲಿಯಾನಾರ ಮಗನೆಂದು ಓದುಗರು ಊಹಿಸಿದ್ದರು. ರೇಗಾರ್, ಲಿಯಾನಾ, ಜಾನ್ ಎಂಬ ಹೆಸರುಗಳ ಮೊದಲಕ್ಷರಗಳಿಂದ ‘ಆರ್ ಕೂಡಿಸು ಎಲ್ ಸಮ ಜೆ’ ಎಂಬ ಬೀಜಗಣಿತದ ಸೂತ್ರದಂತಹ ಹೆಸರನ್ನೂ ಇಟ್ಟರು. ಧಾರಾವಾಹಿ ಮಾಡುತ್ತೇವೆಂದು ಬಂದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಅವರನ್ನು ಮಾರ್ಟಿನ್ ಕೇಳಿದ ಪ್ರಶ್ನೆಯೂ ಜಾನ್‌ನ ತಾಯಿ ಯಾರೆಂಬುದೇ ಆಗಿತ್ತು, ಅವರ ಊಹೆ ಸರಿಯಾಗಿತ್ತು. ಊಹಿಸಲು ಸಾಧ್ಯವಾದದ್ದೇ ಸೋಲೆಂದು ಮಾರ್ಟಿನ್ ಭಾವಿಸಿದ್ದರೆ ಆ ಪ್ರಶ್ನೆಯನ್ನು ಕೇಳುತ್ತಲೇ ಇರಲಿಲ್ಲ.

ಪರದೆಯ ಮೇಲೆ ಗುಟ್ಟು ಒಡೆದದ್ದು 2016ರ ಜೂನ್ 26ರಂದು. ಹುಡುಗರು ಧಾರಾವಾಹಿಯನ್ನು ಮತ್ತೆ ಹಾಕಿದಾಗ ಮೊದಲ ಸೀಸನ್‌ನ ಎರಡನೆಯ ಕಂತನ್ನು ಕಿವಿಗೊಟ್ಟು ಕೇಳಿ. ದಾರಿ ಕವಲೊಡೆಯುವಲ್ಲಿ ಜಾನ್‌ನನ್ನು ಬೀಳ್ಕೊಡುವ ನೆಡ್, ನಿನಗೆ ನನ್ನ ಹೆಸರಿಲ್ಲದಿರಬಹುದು, ನನ್ನ ರಕ್ತವಿದೆ ಎನ್ನುತ್ತಾನೆ. ನೀನು ನನ್ನ ಮಗ ಎನ್ನುವುದಿಲ್ಲ. ಅದು ಸೋದರಮಾವನೊಬ್ಬ ಸುಳ್ಳಾಡದೆ ಆಡಬಹುದಾದ ಮಾತು. ಮುಂದಿನ ಸಲ ಸಿಕ್ಕಾಗ ನಿನ್ನ ತಾಯಿಯ ವಿಷಯ ಮಾತಾಡೋಣ ಎಂದು ಹೇಳಿ ಹೋದವನು ಒಂಬತ್ತನೆಯ ಕಂತಿನಲ್ಲಿ ತಲೆ ಕಳೆದುಕೊಳ್ಳುತ್ತಾನೆ. ಗುಟ್ಟು ತಿಳಿಯದವನಿಗೆ ಇದೊಂದು ಸಾಮಾನ್ಯ ಬೀಳ್ಕೊಡುಗೆ, ತಿಳಿದವನಿಗೆ ಎದೆ ಹಿಂಡುವ ದೃಶ್ಯ. ಕರ್ಣನ ಹುಟ್ಟು ನಮಗೆಲ್ಲ ಮೊದಲೇ ಗೊತ್ತಿರುವುದರಿಂದ ತಾನೇ, ಕುಮಾರವ್ಯಾಸನ ಕೃಷ್ಣನು ಮೈದುನತನದ ಸರಸವಾಡುತ್ತ ಅವನನ್ನು ರಥಕ್ಕೆ ಬರಸೆಳೆದು ಕುಳ್ಳಿರಿಸುವಾಗ ನಮ್ಮ ಹೊಟ್ಟೆಯಲ್ಲಿ ಸಂಕಟವಾಗುವುದು?

ಪ್ರಶ್ನೆ: ಸತ್ತವರ ಸೈನ್ಯದ ದೊರೆಯಾದ ನೈಟ್ ಕಿಂಗ್‌ನನ್ನು ಜಾನ್ ಕೊಲ್ಲುತ್ತಾನೆಂದು ನಾವು ಗೆಳತಿಯರೆಲ್ಲ ಲೆಕ್ಕ ಹಾಕಿದ್ದೆವು. ಕೊಂದವಳು ನೆಡ್‌ನ ಕಿರಿಮಗಳು ಆರ್ಯಾ. ಅದಕ್ಕೆ ಸುಳಿವು ಮೂರನೆಯ ಸೀಸನ್‌ನಲ್ಲಿಯೇ ಇತ್ತಂತೆ. ಹಾಗಾದರೆ ತಪ್ಪು ನಮ್ಮದೇ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮದಲ್ಲವೆಂದು ನನ್ನ ತೀರ್ಮಾನ. ನೀವು ಹೇಳುವ ಸುಳಿವನ್ನೇ ಹತ್ತಿರದಿಂದ ನೋಡೋಣ. ಮೂರನೆಯ ಸೀಸನ್‌ನಲ್ಲಿ ಮಾಟಗಾತಿ ಮೆಲಿಸಾಂಡ್ರೆ ಆರ್ಯಾಳ ಮುಖ ಹಿಡಿದು, ಕಂದು ಕಣ್ಣು, ನೀಲಿ ಕಣ್ಣು, ಹಸಿರು ಕಣ್ಣುಗಳನ್ನು ನೀನು ಎಂದೆಂದಿಗೂ ಮುಚ್ಚುವೆ ಎಂದು ನುಡಿಯುತ್ತಾಳೆ. 2019ರ ಏಪ್ರಿಲ್ 28ರ ಕಂತಿನಲ್ಲಿ ಅದೇ ಮಾತು ಮತ್ತೆ ಬರುತ್ತದೆ, ಆದರೆ ನೀಲಿಯನ್ನು ಕೊನೆಗೆ ತಳ್ಳಿ ಒತ್ತಿ ಹೇಳಲಾಗಿದೆ, ಏಕೆಂದರೆ ನೈಟ್ ಕಿಂಗ್‌ನ ಕಣ್ಣು ನೀಲಿ. ಆ ಹೊಡೆತ ಆರ್ಯಾಳದ್ದೆಂದು ನಿರ್ಧರಿಸಿ ಸುಮಾರು ಮೂರು ವರ್ಷವಾಯಿತೆಂದು ಬೆನಿಯಾಫ್ ಅವರೇ ಆಗ ಹೇಳಿದರು. ಮೂರನೆಯ ಸೀಸನ್ ಪ್ರಸಾರವಾದದ್ದು 2013ರಲ್ಲಿ. ಲೆಕ್ಕ ನೀವೇ ಹಾಕಿ. ಮೊದಲು ಆಡಿದ ಮಾತಿಗೆ ಆಮೇಲೆ ಸುಳಿವಿನ ವೇಷ ಹಾಕಿದ್ದಾರೆ. ಆ ಕ್ಷಣದಲ್ಲಿ ಪ್ರೇಕ್ಷಕರು ಅವಳನ್ನು ನೆನೆಯುತ್ತಿರಬಾರದೆಂಬುದೂ ಅವರ ಎಣಿಕೆಯಾಗಿತ್ತು. ಬೆಚ್ಚಿಬೀಳಿಸುವುದೇ ಗುರಿಯಾದಾಗ, ಎಚ್ಚರದಿಂದ ನೋಡುತ್ತ ಬಂದವರೇ ಹೆಚ್ಚು ಮೋಸಹೋಗುತ್ತಾರೆ.

ಇದರ ಪಕ್ಕದಲ್ಲಿ ಹೋಡೋರ್‌ನನ್ನು ಇಟ್ಟು ನೋಡಿ. ಮೊದಲ ಸೀಸನ್‌ನಿಂದಲೂ ತನ್ನ ಹೆಸರನ್ನು ಬಿಟ್ಟು ಬೇರೇನನ್ನೂ ನುಡಿಯದ ಆ ದೈತ್ಯಾಕಾರದ ಆಳು, ಬಾಲ್ಯದಲ್ಲಿ ಎಲ್ಲರಂತೆ ಮಾತಾಡುತ್ತಿದ್ದನೆಂದು ಆರನೆಯ ಸೀಸನ್‌ನ ಎರಡನೆಯ ಕಂತಿನಲ್ಲಿ ತೋರಿಸಿದರು. ಮೂರು ವಾರಗಳ ನಂತರ, ಬಾಗಿಲನ್ನು ಒತ್ತಿ ಹಿಡಿ ಎಂಬರ್ಥದ ‘ಹೋಲ್ಡ್ ದ ಡೋರ್’ ಎಂಬ ಕೂಗು ಆ ಬಾಲಕನ ಬಾಯಲ್ಲಿ ಸವೆದು ‘ಹೋಡೋರ್’ ಆಗುವುದನ್ನು ಕಂಡೆವು. ಮಾರ್ಟಿನ್‌ರಿಂದಲೇ ಬಂದ ತಿರುವದು. ಯಾರೂ ನಿರೀಕ್ಷಿಸದಿದ್ದರೂ ನೋಡಿದ ಮೇಲೆ ಬೇರೆ ಹೇಗೂ ಆಗಲಾರದಿತ್ತು ಎನ್ನಿಸುತ್ತದೆ. ಕೆಲವು ಓದುಗರು ತಾವಿಟ್ಟ ಸೂಕ್ಷ್ಮ ಸುಳಿವುಗಳನ್ನು ಜೋಡಿಸಿ ಸರಿಯಾದ ಉತ್ತರ ಕಂಡುಕೊಂಡಿದ್ದಾರೆಂದೂ, ಅದಕ್ಕಾಗಿ ಕಥೆಯನ್ನೇ ಬದಲಿಸಿದರೆ ಇಟ್ಟ ಸುಳಿವುಗಳೆಲ್ಲ ಕೆಟ್ಟು ಅನಾಹುತವಾಗುವುದೆಂದೂ ಮಾರ್ಟಿನ್ 2014ರಲ್ಲಿ ಎಡಿನ್‌ಬರೋದ ಪುಸ್ತಕೋತ್ಸವದಲ್ಲಿ ಹೇಳಿದ್ದರು.

ಆದರೂ ಒಂದು ಕಡೆ ಅಭಿಮಾನಿಗಳೂ ತಮಗೆ ಬೇಕಾದದ್ದನ್ನೇ ಕಂಡರು. ಎರಡನೆಯ ಸೀಸನ್‌ನ ದರ್ಶನದಲ್ಲಿ ಡೇನೆರಿಸ್ ಚಾವಣಿ ಕುಸಿದ ಸಿಂಹಾಸನದ ಅಂಗಳಕ್ಕೆ ಬರುತ್ತಾಳೆ. ಮೇಲಿನಿಂದ ಬಿಳಿಯದೇನೋ ಉದುರುತ್ತಿರುತ್ತದೆ. ಹಿಮವೆಂದು ಬಹಳ ಜನ ಹೇಳಿದರು, ಬೂದಿಯಿರಬಹುದೆಂದು ಕೆಲವರು. ಅವಳೇ ಆ ರಾಜಧಾನಿಯನ್ನು ಸುಟ್ಟಳೆಂಬುದು ಕೊನೆಯ ಸೀಸನ್‌ನಲ್ಲಿ ತಿಳಿಯಿತು. ಅವಸರದಲ್ಲಿ ಹೇಳಿದ್ದರೆಂಬ ದೂರು ನ್ಯಾಯವೇ, ಸುಳಿವೇ ಕೊಟ್ಟಿರಲಿಲ್ಲವೆಂಬ ದೂರನ್ನು ಮಾತ್ರ ನಾನು ಒಪ್ಪಲಾರೆ.

ಪ್ರಶ್ನೆ: ಕಲಾವಿದರು ಹೇಳುವುದನ್ನು ನಂಬಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಅವರ ಮಾತಿಗಿಂತ ತಲೆಗೂದಲನ್ನು ನಂಬಿ. 2015ರ ಜೂನ್‌ನಲ್ಲಿ ಜಾನ್ ಸ್ನೋ ಇರಿತಕ್ಕೆ ಬಲಿಯಾದ ಮೇಲೆ, ಅವನಿನ್ನು ಬರುವುದಿಲ್ಲವೆಂದು ನಟ ಕಿಟ್ ಹ್ಯಾರಿಂಗ್‌ಟನ್ ಎಲ್ಲೆಡೆ ಹೇಳುತ್ತ ಬಂದರು. ಆದರೆ ಪಾತ್ರಕ್ಕೆ ಬೇಕಾದ ಉದ್ದ ಗುಂಗುರು ಕೂದಲನ್ನು ಕತ್ತರಿಸಿರಲಿಲ್ಲ. ಚಿತ್ರೀಕರಣ ನಡೆಯುವ ಬೆಲ್‌ಫಾಸ್ಟ್‌ನಲ್ಲಿಯೂ ಜನರ ಕಣ್ಣಿಗೆ ಬಿದ್ದರು. ಮರುವರ್ಷ ಮೇ 1ರಂದು ಜಾನ್ ಕಣ್ಣು ಬಿಟ್ಟನು, ನಟರು ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳಿದರು.

ಪ್ರಶ್ನೆ: ‘ಗೇಮ್ ಆಫ್ ಥ್ರೋನ್ಸ್’ಗೂ ಹಿಂದಿನ ಕಾಲದ ಕಥೆ ಹೇಳುವ ‘ಹೌಸ್ ಆಫ್ ದ ಡ್ರ್ಯಾಗನ್’ ಧಾರಾವಾಹಿಯ ಮೂಲ ಪುಸ್ತಕವನ್ನು ಮಗಳು ಓದಿಬಿಟ್ಟಿದ್ದಾಳೆ. ಇನ್ನು ಊಹಿಸಲು ಏನು ಉಳಿಯಿತು?
— ಓದುಗರೊಬ್ಬರು, ಮಂಗಳೂರು

ಉತ್ತರ: ಬೇಕಾದಷ್ಟು ಉಳಿದಿದೆ. 2018ರಲ್ಲಿ ಬಂದ ಆ ಪುಸ್ತಕವು ಕಾದಂಬರಿಯಂತಿಲ್ಲ, ಎಷ್ಟೋ ಕಾಲದ ನಂತರ ಪಂಡಿತನೊಬ್ಬ ಬರೆದ ಇತಿಹಾಸದಂತಿದೆ. ಅವನ ಆಧಾರಗಳಲ್ಲಿ ಒಬ್ಬ ರಾಜಪಂಡಿತ, ಒಬ್ಬ ಧರ್ಮಗುರು, ಅಶ್ಲೀಲ ಕಥೆಗಳನ್ನು ಬಿಡಿಸಿ ಹೇಳುವ ಮಶ್ರೂಮ್ ಎಂಬ ವಿದೂಷಕ ಸೇರಿದ್ದಾರೆ, ಇವರ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ. ಬಿರುಗಾಳಿಯಲ್ಲಿ ರಾಜಕುಮಾರ ಏಮಂಡ್ ತನ್ನ ಡ್ರ್ಯಾಗನ್ ಏರಿ ಬಾಲಕ ಲೂಸೆರಿಸ್‌ನನ್ನು ಬೆನ್ನಟ್ಟಿದನು, ಬಾಲಕ ಸತ್ತನು ಎಂಬುದು ಪುಸ್ತಕದಲ್ಲಿದೆ. 2022ರ ಅಕ್ಟೋಬರ್‌ನ ಕಂತಿನಲ್ಲಿ ಏಮಂಡ್ ಬೇಡ ಬೇಡವೆಂದು ಕೂಗುತ್ತಿರುವಾಗಲೇ ಅವನ ಡ್ರ್ಯಾಗನ್ ಹಿಡಿತ ತಪ್ಪಿ ಬಾಲಕನನ್ನು ಕಚ್ಚುತ್ತದೆ. ಬರೆದಿಟ್ಟವರಾರೂ ಆ ಮೋಡಗಳ ನಡುವೆ ಇರಲಿಲ್ಲವಷ್ಟೆ. ಹೀಗಿರುವಾಗ ಮಗಳು ಬಂದು ಯಾರು ಸಾಯುತ್ತಾರೆ ಹೇಳಲೇ ಎಂದರೆ, ಯಾರ ತಪ್ಪಿನಿಂದ ಎಂಬುದನ್ನು ಹೇಳು ನೋಡೋಣ ಎಂದು ಕೇಳಿ.