ದಾರಿ ತಪ್ಪುತ್ತಿರುವ ತಮ್ಮನನ್ನು ಹೇಳದೆ ಸಾಹಸ ಶಿಬಿರಕ್ಕೆ ಸೇರಿಸಬಹುದೇ?

ನಿಮ್ಮ ತಮ್ಮನಿಗೆ ಹದಿನಾರು ವರ್ಷ, ಶಾಲೆ ಬಿಟ್ಟಿದ್ದಾನೆ, ಗಾಂಜಾ ಸೇದುವ ಹುಡುಗರ ಜೊತೆ ತಿರುಗುತ್ತಾನೆ. ಹೇಳಿದರೆ ಬರುವುದಿಲ್ಲವೆಂದು ಪ್ರವಾಸದ ನೆಪ ಹೇಳಿ ನಂಬಿಸಿ ಕರೆದೊಯ್ದು ಚಿಕ್ಕಮಗಳೂರಿನ ಕಡೆಯ ಶಿಬಿರವೊಂದರಲ್ಲಿ ಬಿಟ್ಟುಬರುವ ಯೋಚನೆಯಲ್ಲಿದ್ದೀರಿ. ಹತ್ತು ದಿನಗಳ ಕಟ್ಟುನಿಟ್ಟಿನ ಶಿಬಿರ ಒಳ್ಳೆಯದೋ, ಮನೆಯವರೂ ಜೊತೆಗಿರುವ ಐದು ದಿನಗಳ ಶಿಬಿರ ಒಳ್ಳೆಯದೋ ಎಂದು ಕೇಳಿದ್ದೀರಿ. ‘ನಂಬಿಸಿ’ ಎಂಬ ಆ ಒಂದು ಮಾತನ್ನು ಓದಿದ ಮೇಲೆ ಶಿಬಿರಗಳ ವಿಚಾರಕ್ಕೆ ಹೋಗಲು ನನ್ನಿಂದ ಆಗಲಿಲ್ಲ. ನಾನು ಮಾಡಿದ್ದು ಅದನ್ನೇ.

ನಮ್ಮದು ಹಾಸನ. ಭಾವ ತೀರಿಕೊಂಡ ಎರಡು ವರ್ಷಗಳಲ್ಲಿ ಅಕ್ಕನ ಮಗ ನಮ್ಮ ಕೈ ಮೀರುತ್ತಾ ಹೋದ. ಒಂಬತ್ತನೇ ತರಗತಿ. ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಟವನು ಶಾಲೆ ತಲುಪುತ್ತಿರಲಿಲ್ಲ. ಅಕ್ಕ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದ ಹಣ ಕಡಿಮೆಯಾಗುತ್ತಿತ್ತು. ನಾನು ಸೋದರಮಾವ, ಮನೆಗೆ ಗಂಡು ದಿಕ್ಕು ಎಂದು ಎಲ್ಲರೂ ನನ್ನತ್ತ ನೋಡುತ್ತಿದ್ದರು. ಪರಿಚಯದವರೊಬ್ಬರು ಮೂಡಿಗೆರೆಯಾಚೆ ಕಾಫಿ ತೋಟಗಳ ನಡುವೆ ನಡೆಯುವ ಏಳು ದಿನಗಳ ಶಿಬಿರವೊಂದರ ಬಗ್ಗೆ ಹೇಳಿದರು. ಇಂಥ ಹುಡುಗರಿಗೆಂದೇ ನಡೆಸುವ ಆ ಶಿಬಿರದಲ್ಲಿ ಕೊನೆಯ ಎರಡು ದಿನ ಮನೆಯ ಹಿರಿಯರೊಬ್ಬರು ಜೊತೆಗಿರಲೇಬೇಕು ಎಂಬುದು ನಿಯಮವಾಗಿತ್ತು. ಶಿಬಿರದವರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ ‘ಹುಡುಗ ಒಪ್ಪಿದ್ದಾನೆಯೇ’ ಎಂಬುದು. ಒಪ್ಪಿದ್ದಾನೆ ಎಂದೆ. ಅಲ್ಲಿಗೆ ನಾನು ಇಬ್ಬರಿಗೆ ಸುಳ್ಳು ಹೇಳಿದಂತಾಯಿತು.

2018ರ ದಸರಾ ರಜೆಯಲ್ಲಿ, ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿಯ ದರ್ಶನ ಮಾಡಿಕೊಂಡು ಬರೋಣವೆಂದು ಹೇಳಿ ಅವನನ್ನು ಕಾರಿನಲ್ಲಿ ಕೂರಿಸಿಕೊಂಡೆ. ಅವನು ಅನುಮಾನಪಡಲಿಲ್ಲ. ಬೇಲೂರು ದಾಟುವ ಹೊತ್ತಿಗೆ ಕಿಟಕಿಯ ಗಾಜು ಇಳಿಸಿ ಹಾಡು ಹಾಕಿಕೊಂಡಿದ್ದ. ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿನ್ನುವಾಗ ತಾನಾಗಿಯೇ, “ಅಪ್ಪನೂ ಒಂದ್ಸಲ ಇಲ್ಲೇ ನಿಲ್ಸಿದ್ರು ಮಾವ, ನಂಗೆ ಇನ್ನೊಂದು ಪ್ಲೇಟ್ ಕೊಡ್ಸಿದ್ರು” ಎಂದ. ಭಾವ ಹೋದ ಮೇಲೆ ಆ ಹುಡುಗನ ಬಾಯಿಂದ ಅಪ್ಪನ ಮಾತು ಕೇಳಿದ್ದು ನಾನು ಅದೇ ಮೊದಲು. ಆ ಕ್ಷಣದಲ್ಲಿ ನಿಜ ಹೇಳಬಹುದಿತ್ತು. ಹೇಳಿದ್ದರೆ ಅವನು ಸಿಟ್ಟಾಗುತ್ತಿದ್ದ, ಒಂದೆರಡು ಗಂಟೆ ಜಗಳವಾಗುತ್ತಿತ್ತು, ಬಹುಶಃ ಹಾಸನಕ್ಕೆ ವಾಪಸು ಬರುತ್ತಿದ್ದೆವು. ಕಟ್ಟಿದ ಹಣ ಹೋಗುತ್ತಿತ್ತು, ಅಷ್ಟೇ. ನಾನು ಬಿಲ್ ಕೊಟ್ಟು ಕಾರು ಹತ್ತಿದೆ.

ತೋಟದ ಕಚ್ಚಾ ರಸ್ತೆ ಮುಗಿದು ಗೇಟಿನ ಮುಂದೆ ಕಾರು ನಿಂತಾಗಲೂ ಅವನು ಯಾರದೋ ಮನೆಗೆ ಬಂದಿದ್ದೇವೆಂದೇ ತಿಳಿದಿದ್ದ. ನಾನು ಡಿಕ್ಕಿ ತೆಗೆದೆ. ಒಳಗೆ ಅವನ ಕ್ಯಾನ್ವಾಸ್ ಶೂಗಳಿದ್ದವು, ಮೂರು ಜೊತೆ ಬಟ್ಟೆ, ಸ್ವೆಟರು, ಹಲ್ಲುಜ್ಜುವ ಬ್ರಷ್ಷು, ಎಲ್ಲವನ್ನೂ ಹಿಂದಿನ ರಾತ್ರಿ ಅವನು ಮಲಗಿದ ಮೇಲೆ ಅಕ್ಕ ಮಡಿಸಿ ತುಂಬಿದ್ದಳು. ಅವನು ತನ್ನ ಶೂಗಳನ್ನು ನೋಡಿದ, ಗೇಟಿನ ಬಳಿ ನಿಂತಿದ್ದ ತರಬೇತುದಾರರನ್ನು ನೋಡಿದ. ಕೂಗಾಡಲಿಲ್ಲ, ಓಡಲಿಲ್ಲ. “ಅಮ್ಮಂಗೂ ಗೊತ್ತಾ?” ಎಂದು ಕೇಳಿದ. ನಾನು ಹೌದೆಂದು ತಲೆಯಾಡಿಸಿದೆ. ಬ್ಯಾಗು ತೆಗೆದುಕೊಂಡು ನನ್ನತ್ತ ತಿರುಗಿಯೂ ನೋಡದೆ ಒಳಗೆ ನಡೆದ.

ಈ ಒಂದು ತಪ್ಪನ್ನು ಹಿಗ್ಗಿಸಿ ಹೇಳುತ್ತಿದ್ದೇನೆ ಎನ್ನಿಸಿದರೆ ಕ್ಷಮಿಸಿ, ಅದು ನನ್ನಿಂದ ಏನನ್ನು ಕಿತ್ತುಕೊಂಡಿತು ಎಂಬುದನ್ನು ಪೂರ್ತಿ ಹೇಳದಿದ್ದರೆ ನಿಮಗೆ ಉಪಯೋಗವಿಲ್ಲ. ಶಿಬಿರ ಕೆಟ್ಟದ್ದಾಗಿರಲಿಲ್ಲ, ತುಂಬಾ ಚೆನ್ನಾಗಿತ್ತು. ಅಲ್ಲಿ ಯಾರೂ ಹುಡುಗರನ್ನು ಗದರುತ್ತಿರಲಿಲ್ಲ, ಗದರುವ ಅಗತ್ಯವೂ ಬರುತ್ತಿರಲಿಲ್ಲ. ಟೆಂಟಿನ ಗೂಟವನ್ನು ಸಡಿಲವಾಗಿ ಹೊಡೆದವರ ಟೆಂಟು ರಾತ್ರಿಯ ಗಾಳಿಗೆ ಕಿತ್ತುಕೊಳ್ಳುತ್ತಿತ್ತು. ಸೌದೆಯನ್ನು ಒದ್ದೆಯಾಗಲು ಬಿಟ್ಟ ತಂಡಕ್ಕೆ ಬೆಳಗಿನ ಗಂಜಿ ತಡವಾಗುತ್ತಿತ್ತು. ಮಾಡಿದ್ದರ ಫಲ ಅರ್ಧ ದಿನದೊಳಗೆ ಕಣ್ಣ ಮುಂದೆ ಬರುತ್ತಿತ್ತು, ಅದಕ್ಕೆ ಯಾವ ದೊಡ್ಡವರನ್ನೂ ದೂರುವಂತಿರಲಿಲ್ಲ. ಇಂಥ ಶಿಬಿರಗಳ ಜೀವಾಳ ಇರುವುದು ಇಲ್ಲಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆರನೆಯ ದಿನ ನಾನು ಹೋದೆ. ಆ ಎರಡು ದಿನ ಅಲ್ಲಿ ಹುಡುಗರೇ ಗುರುಗಳು, ಮನೆಯವರು ಶಿಷ್ಯರು. ನನ್ನ ಸೋದರಳಿಯ ನನಗೆ ಎಂಟರ ಗಂಟು ಹಾಕುವುದನ್ನು ಕಲಿಸಿದ. ಹಗ್ಗವನ್ನು ಇಂಗ್ಲಿಷಿನ ಎಂಟರ ಅಂಕಿಯಂತೆ ಸುತ್ತಿ, ಸೊಂಟಪಟ್ಟಿಯ ಕುಣಿಕೆಯೊಳಗೆ ತೂರಿಸಿ, ಬಂದ ದಾರಿಯಲ್ಲೇ ಅದನ್ನು ಹಿಂದಕ್ಕೆ ಹೆಣೆಯಬೇಕು. ನಾನು ಹಾಕಿದ ಗಂಟನ್ನು ಅವನು ಎರಡು ಸಲ ಎಳೆದು ನೋಡಿದ, ತುದಿಯಲ್ಲಿ ಗೇಣುದ್ದ ಹಗ್ಗ ಉಳಿದಿದೆಯೇ ಎಂದು ಬೆರಳಿನಿಂದ ಅಳೆದ. ಶಾಲೆಯ ನೋಟ್‌ಬುಕ್ಕನ್ನು ಒಮ್ಮೆಯೂ ನೆಟ್ಟಗೆ ಇಟ್ಟುಕೊಳ್ಳದ ಹುಡುಗನ ಕೈಯಲ್ಲಿ ಅಷ್ಟು ಶ್ರದ್ಧೆ ಇತ್ತು. ನನ್ನ ಮುಖವನ್ನು ಮಾತ್ರ ನೋಡಲಿಲ್ಲ.

ಆಮೇಲೆ ಬಂಡೆ ಹತ್ತುವ ಸರದಿ. ಸುಮಾರು ಮೂವತ್ತೈದು ಅಡಿಯ ಬಂಡೆ. ಹತ್ತುವವನ ಹಗ್ಗ ಮೇಲಿನ ಕೊಂಡಿಯ ಮೂಲಕ ಹಾದು ಕೆಳಗೆ ನಿಂತವರ ಕೈಗೆ ಬರುತ್ತದೆ. ಅವನು ಏರಿದಂತೆ ಕೆಳಗಿನವರು ಸಡಿಲವನ್ನು ಎಳೆದುಕೊಳ್ಳುತ್ತಾ ಹೋಗಬೇಕು, ಒಂದು ಕೈ ಎಂದಿಗೂ ಹಗ್ಗವನ್ನು ಬಿಡಬಾರದು. ಹಗ್ಗ ನನ್ನ ಕೈಯಲ್ಲಿತ್ತು, ತರಬೇತುದಾರರು ನನ್ನ ಹಿಂದೆ ಅದರ ಬಾಲ ಹಿಡಿದು ನಿಂತಿದ್ದರು. ಅವನು ಸಲೀಸಾಗಿ ಏರಿದ. ಆದರೆ ಇಳಿಯಬೇಕಾದರೆ ಮೇಲೆ ಎರಡೂ ಕೈಗಳನ್ನು ಬಂಡೆಯಿಂದ ಬಿಡಿಸಿ ಹಿಂದಕ್ಕೆ ಒರಗಿ ಪೂರ್ತಿ ಭಾರವನ್ನು ಹಗ್ಗದ ಮೇಲೆ ಹಾಕಬೇಕು. ಅವನು ಕೈ ಬಿಡಲಿಲ್ಲ. ನಾನು ಕೆಳಗಿನಿಂದ, “ಹಿಡ್ಕಂಡಿದೀನಿ ಕಣೋ, ಬಿಡು” ಎಂದೆ. ಮೂರ್ನಾಲ್ಕು ಸಲ ಹೇಳಿದೆ. ಅವನ ಕಾಲು ನಡುಗುತ್ತಿತ್ತು, ಬೆರಳುಗಳು ಬಿಳಿಚಿದ್ದವು. ಕೊನೆಗೆ ಮೇಲಿನಿಂದ ಒಂದೇ ಮಾತು ಬಂತು: “ಮಾವ ಬೇಡ, ಸಾರ್ ಹಿಡ್ಕಳ್ಳಲಿ.” ತರಬೇತುದಾರರು ಹಗ್ಗ ತೆಗೆದುಕೊಂಡರು. ಅವನು ತಕ್ಷಣ ಕೈ ಬಿಟ್ಟು, ಬಂಡೆಗೆ ಕಾಲು ಕೊಡುತ್ತಾ ಅರ್ಧ ನಿಮಿಷದಲ್ಲಿ ಕೆಳಗಿಳಿದ.

ಬಂಡೆಯ ಹತ್ತಿರ ಮುಗಿದಿದ್ದರೆ ಅದೊಂದು ನೋವಿನ ನೆನಪಾಗಿ ಉಳಿಯುತ್ತಿತ್ತು. ಅದು ಮನೆಗೂ ಬಂತು. ಆರು ತಿಂಗಳ ನಂತರ ಅವನು ಬರೀ ಕೆಟ್ಟ ಸಹವಾಸದಲ್ಲಿಲ್ಲ, ನಶೆಯ ಚಟದಲ್ಲೇ ಇದ್ದಾನೆ ಎಂಬುದು ನಮಗೆ ಖಚಿತವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ಯಬೇಕೆಂದು ತೀರ್ಮಾನಿಸಿದೆವು, ಈ ಸಲ ನಿಜವನ್ನೇ ಹೇಳಿದೆವು. ಅವನು ಕಾರು ಹತ್ತಲಿಲ್ಲ. ಆಸ್ಪತ್ರೆಗೆ ಬರುವುದಿಲ್ಲವೆಂದು ಅವನು ಒಮ್ಮೆಯೂ ಹೇಳಲಿಲ್ಲ, “ನಿಮ್ಮ ಕಾರಲ್ಲಿ ಬರಲ್ಲ” ಎಂದ. ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು ಎಂಬ ಅವನ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ನಾನು ಏನು ಹೇಳಿದರೂ ಅಕ್ಕನನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ, ಅಕ್ಕ ಹೇಳಿದ್ದನ್ನು ಇನ್ಯಾರನ್ನೋ ಕೇಳುತ್ತಿದ್ದ. ಹೀಗೆ ಚಿಕಿತ್ಸೆ ಒಂದು ವರ್ಷಕ್ಕೂ ಹೆಚ್ಚು ಕಾಲ ತಡವಾಯಿತು. ಕೊನೆಗೆ ಒಂದು ಬೆಳಿಗ್ಗೆ ಅಮ್ಮನೊಡನೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೋದ, ಟಿಕೆಟಿನ ಮೇಲೆ ಬೆಂಗಳೂರು ಎಂದಿರುವುದನ್ನು ತಾನೇ ಓದಿಕೊಂಡು. ಈಗ ಅವನಿಗೆ ಇಪ್ಪತ್ತು ದಾಟಿದೆ, ಬೆಂಗಳೂರಿನಲ್ಲಿ ನಮ್ಮ ಜಿಲ್ಲೆಯವರ ಬೇಕರಿಯೊಂದರಲ್ಲಿ ಕೆಲಸ ಮಾಡುತ್ತಾನೆ, ನನ್ನೊಡನೆ ಮಾತನಾಡುತ್ತಾನೆ. ಆದರೆ ಆ ವರ್ಷ ಅವನ ದೇಹ ಪಟ್ಟ ಪಾಡಿನಲ್ಲಿ ನನ್ನ ಪಾಲಿದೆ.

ಆಮೇಲೆ ನಾನು ಈ ಶಿಬಿರಗಳ ಬಗ್ಗೆ ಓದಿಕೊಂಡೆ. ಇದರ ಮೂಲಗಳಲ್ಲಿ ಒಂದು ಎರಡನೆಯ ಮಹಾಯುದ್ಧದ ಕಾಲದ್ದು. 1941ರಲ್ಲಿ ಶಿಕ್ಷಣತಜ್ಞ ಕರ್ಟ್ ಹಾನ್ ಮತ್ತು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ವೇಲ್ಸ್‌ನ ಅಬರ್‌ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆಯನ್ನು ಆರಂಭಿಸಿದರು. ಹಡಗು ಮುಳುಗಿದಾಗ ಅನುಭವವಿಲ್ಲದ ಹರೆಯದ ನಾವಿಕರು ಬೇಗ ಧೈರ್ಯಗೆಡುತ್ತಾರೆ ಎಂಬ ಕಳವಳ ಅದರ ಹಿಂದಿತ್ತು. ಬಂದರು ಬಿಟ್ಟು ಹೊರಟ ಹಡಗಿಗೆ ಹೇಳುವ ಮಾತೇ ಆ ಹೆಸರು. ಅದೇ ವಿಚಾರ ಅಮೆರಿಕಕ್ಕೆ ಹೋಗಿ ಬೆಳೆದಾಗ ಅದರ ಒಂದು ಕವಲು ಕೆಟ್ಟಿತು. ತಂದೆತಾಯಿಯರೇ ಹಣ ಕೊಟ್ಟು ಗೊತ್ತುಮಾಡಿದ ಜನ ನಡುರಾತ್ರಿ ಮನೆಗೆ ಬಂದು, ಮಲಗಿದ್ದ ಮಕ್ಕಳನ್ನು ಎಬ್ಬಿಸಿ ಕಾಡಿನ ಶಿಬಿರಗಳಿಗೆ ಸಾಗಿಸುವ ಪದ್ಧತಿ ಬಂತು. 2007ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ ಇಂಥ ಕೇಂದ್ರಗಳಲ್ಲಿ ಸಂಭವಿಸಿದ ಹತ್ತು ಸಾವುಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಮಕ್ಕಳ ಮೇಲಿನ ಇಂಥ ಸಾಂಸ್ಥಿಕ ಹಿಂಸೆಯನ್ನು ತಡೆಯಲೆಂದೇ ಅಲ್ಲಿ ಕಾಯಿದೆಯೊಂದು ಬಂತು. ಆ ರಾತ್ರಿಯ ಜನರಿಗೂ, ನೀರು ದೋಸೆ ಕೊಡಿಸಿ ತೋಟದ ರಸ್ತೆಗೆ ಕಾರು ತಿರುಗಿಸಿದ ನನಗೂ ಇರುವ ವ್ಯತ್ಯಾಸ ಬಹಳ ಸಣ್ಣದು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಇದ್ದಂತೆ ಒಪ್ಪುವುದಿಲ್ಲ. ಯಾವ ಶಿಬಿರ ಎಂಬುದು ಆಮೇಲಿನ ಮಾತು. ತಲೆ ಬೋಳಿಸಿ ಬಸ್ಕಿ ಹೊಡೆಸುವ ಆ ಹತ್ತು ದಿನಗಳ ಶಿಬಿರವನ್ನಂತೂ ಮರೆತುಬಿಡಿ. ಹೆದರಿಕೆಯಿಂದ ಬಂದ ಶಿಸ್ತು ಹೆದರಿಸುವವರು ಎದುರಿಗಿರುವಷ್ಟು ಹೊತ್ತು ಮಾತ್ರ ಇರುತ್ತದೆ. ಇನ್ನೊಂದು ಶಿಬಿರದ ಬಲ ಇರುವುದು ಮನೆಯವರು ಜೊತೆಗಿರುವುದರಲ್ಲಿ. ಬೆಟ್ಟದಲ್ಲಿ ಹುಡುಗ ಏನಾಗಿದ್ದ ಎಂಬುದನ್ನು ಕಣ್ಣಾರೆ ಕಂಡ ಒಬ್ಬರು ಮನೆಯಲ್ಲಿಲ್ಲದಿದ್ದರೆ, ವಾಪಸು ಬಂದ ವಾರದಲ್ಲೇ ಎಲ್ಲರೂ ಅವನನ್ನು ಹಳೆಯ ಹುಡುಗನನ್ನಾಗಿಯೇ ನೋಡತೊಡಗುತ್ತಾರೆ, ಅವನೂ ಅದಕ್ಕೆ ತಕ್ಕಂತೆ ಆಗುತ್ತಾನೆ. ಆದರೆ ಆ ಒಬ್ಬರು ಅವನಿಗೆ ಸುಳ್ಳು ಹೇಳಿ ಕರೆತಂದವರಾಗಿದ್ದರೆ ಅವರು ಅಲ್ಲಿದ್ದೂ ಪ್ರಯೋಜನವಿಲ್ಲ.

ತಮ್ಮನಿಗೆ ನಿಜ ಹೇಳಿ. ಬರುವುದಿಲ್ಲ ಎಂದರೆ ಈ ಸಲಕ್ಕೆ ಬಿಟ್ಟುಬಿಡಿ, ಮುಂಗಡ ಕಟ್ಟಬೇಡಿ. ಅವನು ಈಗಾಗಲೇ ದಿನವೂ ಸೇದುತ್ತಿದ್ದರೆ ಮೊದಲು ವೈದ್ಯರು, ಆಮೇಲೆ ಬೆಟ್ಟ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನವರು ಉಚಿತವಾಗಿ ಮಾತನಾಡುತ್ತಾರೆ, ಕನ್ನಡದಲ್ಲೂ ಮಾತನಾಡಬಹುದು, ಅವನೇ ಬೇಕಾದರೂ ಮಾಡಬಹುದು. ಒಪ್ಪಿದ ಮೇಲೆ ಶಿಬಿರದವರನ್ನು ನೀವು ಕೇಳಬೇಕಾದ ಪ್ರಶ್ನೆಗಳಿವೆ: ಎಷ್ಟು ಹುಡುಗರಿಗೆ ಎಷ್ಟು ತರಬೇತುದಾರರು, ರಾತ್ರಿ ಏನಾದರೂ ಆದರೆ ಯಾವ ಆಸ್ಪತ್ರೆ, ವಾಹನ ಅಲ್ಲೇ ಇರುತ್ತದೆಯೇ, ಅರಣ್ಯ ಇಲಾಖೆಯ ಅನುಮತಿ ಇದೆಯೇ, ಹುಡುಗ ಬೇಕೆಂದಾಗ ಮನೆಗೆ ಫೋನ್ ಮಾಡಬಹುದೇ. ಕೊನೆಯ ಪ್ರಶ್ನೆಗೆ ಇಲ್ಲ ಎಂದವರ ಹತ್ತಿರ ಬಿಡಬೇಡಿ. ಅವರು ನಿಮ್ಮನ್ನು ‘ಹುಡುಗ ಒಪ್ಪಿದ್ದಾನೆಯೇ’ ಎಂದು ಕೇಳದಿದ್ದರೂ ಬಿಡಬೇಡಿ.

ಈ ಭಾನುವಾರ ಬಿಡುವಿದ್ದರೆ ಅವನನ್ನೇ ಕೇಳಿ, ಮುಳ್ಳಯ್ಯನಗಿರಿಗೆ ಹೋಗೋಣವೇ ಎಂದು. ವಾಹನಗಳ ನಿಯಮ ಆಗಾಗ ಬದಲಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳಿ. ಸರ್ಪದಾರಿ ಎಂಬ ಕಾಲುಹಾದಿಯಲ್ಲಿ ನಡೆದು ಹತ್ತಿ, ಅವನನ್ನು ಮುಂದೆ ಬಿಡಿ, ಚಟದ ಮಾತು ಎತ್ತಬೇಡಿ. ಹೊರಡುವ ಮೊದಲು ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ವಾಪಸು ಬರುತ್ತೇವೆ ಎಂದು ಹೇಳಿ, ಹೇಳಿದ ಹೊತ್ತಿಗೆ ಮನೆಗೆ ಬನ್ನಿ.